ಕೊನೆಗೆ ಯಾರನ್ನು ಹೊತ್ತಿತ್ತು?

ಮೇಡಂ ಅವರ ಬಲಗೈಯ ತೋರುಬೆರಳಿನ ತುದಿ ಯಾವಾಗಲೂ ಕಪ್ಪಾಗಿರುತ್ತಿತ್ತು. ಉಗುರಿನ ಸಂದಿಯಲ್ಲಿ, ಬೆರಳಿನ ಸಣ್ಣ ಸಣ್ಣ ಗೆರೆಗಳಲ್ಲಿ ಮಸಿ ಕೂತುಬಿಟ್ಟಿತ್ತು. ಉಳಿದಂತೆ ಅವರು ಬಲು ಅಚ್ಚುಕಟ್ಟು. ಗಂಜಿ ಹಾಕಿದ ಹತ್ತಿ ಸೀರೆ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಕುಂಕುಮವಿಲ್ಲದ ಅಗಲವಾದ ಹಣೆ, ಚರ್ಮದ ಪಟ್ಟಿಯ ಗಂಡಸರ ಕೈಗಡಿಯಾರ. ಆ ಒಂದು ಬೆರಳು ಮಾತ್ರ ಯಾವುದೋ ಗ್ಯಾರೇಜಿನವರದು ಅನ್ನಿಸುತ್ತಿತ್ತು.

ಅದಕ್ಕೆ ಕಾರಣವಿತ್ತು. ನಿಂತ ಗಾಡಿ ಯಾವುದನ್ನು ಕಂಡರೂ ಅವರು ಬಗ್ಗಿ ಅದರ ಸೈಲೆನ್ಸರ್ ಕೊಳವೆಯೊಳಗೆ ಬೆರಳು ತಿರುಗಿಸಿ ನೋಡುತ್ತಿದ್ದರು. ಮಸಿ ಹತ್ತಿದರೆ ಗಾಡಿ ಓಡಿದೆ. ಹತ್ತದಿದ್ದರೆ ನಿಂತಲ್ಲೇ ನಿಂತಿದೆ. ಕೆಲಸದ ಗಾಡಿಗಳಿಗೆ ಹೀಗೆ ಮಾಡಿದರೆ ಸರಿ. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಗೆ ಕಾಯುವಾಗ ಪಕ್ಕದಲ್ಲಿ ನಿಂತ ಆಟೋಗೂ ಮಾಡಿಬಿಡುತ್ತಿದ್ದರು. ಒಮ್ಮೆ ಆಟೋದವನು ಇಳಿದು ಬಂದು, "ಏನ್ ಮೇಡಂ, ಏನಾದ್ರೂ ಬಿದ್ದೋಯ್ತಾ?" ಎಂದು ಕೇಳಿದ. "ಇಲ್ಲಪ್ಪ, ಗಾಡಿ ಚೆನ್ನಾಗಿ ದುಡೀತಿದೆ, ನೋಡ್ದೆ," ಎಂದರು ಮೇಡಂ. ಅವನಿಗೆ ಖುಷಿಯಾಗಿ, ಹತ್ತಿ ಮೇಡಂ, ಬಿಡ್ತೀನಿ ಎಂದ. ಆದರೆ ಮೀಟರಿನ ಮೇಲೆ ಜಾಸ್ತಿ ಕೇಳಿದ. ನಾವು ಬಸ್ಸಿಗೇ ಕಾದೆವು.

ನಮ್ಮದು ಬೆಂಗಳೂರಿನ ದಂಡು ಪ್ರದೇಶದ ಹಳೇ ಹೆಂಚಿನ ಕಟ್ಟಡವೊಂದರಲ್ಲಿದ್ದ ಸಣ್ಣ ಪರಿಶೀಲನಾ ಶಾಖೆ. ಸರ್ಕಾರ ಮಿತ್ರದೇಶಗಳ ಸೈನ್ಯಕ್ಕೆ ನೆರವೆಂದು ವಾಹನ, ವೈರ್‌ಲೆಸ್ ಸೆಟ್ಟು, ಟೆಂಟು, ಔಷಧಿ ಪೆಟ್ಟಿಗೆ ಹೀಗೆ ಏನೇನೋ ಕೊಡುತ್ತದೆ. ಕೊಟ್ಟದ್ದು ಸೇರಬೇಕಾದ ಕಡೆ ಸೇರಿತೇ, ಸೇರಿದ ಮೇಲೆ ಏನಾಯಿತು ಎಂದು ಹೋಗಿ ನೋಡಿ ವರದಿ ಬರೆಯುವುದು ನಮ್ಮ ಕೆಲಸ. ಕೇಳುವವರಿಗೆ ಇದು ದೊಡ್ಡ ಕೆಲಸದಂತೆ ಕಾಣುತ್ತದೆ. ನಮ್ಮ ಚಿಕ್ಕಪ್ಪನಂತೂ ನಾನು ಗೂಢಚಾರನಾಗಿದ್ದೇನೆಂದು ಊರೆಲ್ಲ ಹೇಳಿಕೊಂಡು ಬಂದಿದ್ದ. ನಿಜ ಏನೆಂದರೆ, ಸೋರುವ ಹೆಂಚಿನ ಕೆಳಗೆ ಕೂತು, ಬರೆದದ್ದನ್ನೇ ಮತ್ತೆ ಬರೆದು, ಮೇಲಿನಿಂದ "ಗಮನಿಸಲಾಗಿದೆ" ಎಂಬ ಒಂದೇ ಉತ್ತರಕ್ಕೆ ಕಾಯುವ ಕೆಲಸ ಅದು. ಗಮನಿಸಿದ ಮೇಲೆ ಅವರು ಏನು ಮಾಡುತ್ತಾರೆ ಎಂದು ನಾನು ಸೇರಿದ ಹೊಸದರಲ್ಲಿ ಮೇಡಂ ಅವರನ್ನು ಕೇಳಿದ್ದೆ. "ಊಟಕ್ಕೆ ಹೋಗ್ತಾರೆ," ಎಂದಿದ್ದರು.

ನಾನು ದೊಡ್ಡನೆಕ್ಕುಂದಿಯ ಹಳೇ ಮನೆತನದವನು. ನಮ್ಮ ರಾಗಿ ಹೊಲಗಳೆಲ್ಲ ಕಾರ್ಖಾನೆ ಶೆಡ್ಡುಗಳಾಗಿ ಬಾಡಿಗೆ ಬರುತ್ತಿತ್ತು. ಕೂತು ಉಣ್ಣುವಷ್ಟಿದ್ದರೂ ಸರ್ಕಾರಿ ನೌಕರಿಗೆ ಸೇರಿದ್ದಕ್ಕೆ ಮೇಡಂ ನನ್ನನ್ನು "ಏನ್ರೀ ಬಾಡಿಗೆ ಮಹಾರಾಜ್ರೇ" ಎಂದು ಕರೆಯುತ್ತಿದ್ದರು. ಬೇರೆಯವರ ಮುಂದೆ ನೀವು, ನಾವಿಬ್ಬರೇ ಇದ್ದಾಗ ನೀನು. ಆ ನೀನು ಎನ್ನುವುದನ್ನು ಸಂಪಾದಿಸಿಕೊಳ್ಳಲು ನನಗೆ ಒಂದು ಇಡೀ ಮಳೆಗಾಲ ಬೇಕಾಯಿತು.

ಅವರು ಹಲಸೂರಿನವರು. ತಂದೆ ದಂಡಿನ ಆಸ್ಪತ್ರೆಯೊಂದರಲ್ಲಿ ಸ್ಟ್ರೆಚರ್ ಹೊರುತ್ತಿದ್ದವರು, ನಡುವಯಸ್ಸಿನಲ್ಲಿ ಬೌದ್ಧರಾದವರು. ಮನೆಯಲ್ಲಿ ತಮಿಳು, ಆಫೀಸಿನಲ್ಲಿ ಕನ್ನಡ, ಶಿವಾಜಿನಗರದಲ್ಲಿ ಮೀನು ಕೊಳ್ಳುವಾಗ ಉರ್ದು. ಹುಣ್ಣಿಮೆಯ ದಿನ ಅರ್ಧ ದಿನ ರಜೆ ಹಾಕಿ ವಿಹಾರಕ್ಕೆ ಹೋಗುತ್ತಿದ್ದರು. ಮದುವೆಯಾಗಲಿಲ್ಲ. ತಂಗಿಯ ಜೊತೆ ಇದ್ದರು. ಪೂಜೆ, ಶಕುನ, ರಾಹುಕಾಲ ಇವುಗಳ ಮೇಲೆ ಅವರಿಗೆ ಕೋಪವೇನೂ ಇರಲಿಲ್ಲ. ತಾಳ್ಮೆ ಇರಲಿಲ್ಲ, ಅಷ್ಟೆ. ಇದನ್ನು ಮುಂಚೆಯೇ ಹೇಳಿಬಿಡಬೇಕು. ಯಾಕೆಂದರೆ ಅವರ ಬದುಕಿನ ದೊಡ್ಡ ಪೇಚು ಬಂದದ್ದು ನಿಂಬೆಹಣ್ಣಿನಿಂದ.

ಒಂದು ವರ್ಷ ಮಿತ್ರದೇಶವೊಂದರ ಸೈನ್ಯಕ್ಕೆ ಆಂಬುಲೆನ್ಸುಗಳನ್ನು ಕೊಡುವುದೆಂದಾಯಿತು. ಬೆಟ್ಟಗುಡ್ಡದ ಸಣ್ಣ ದೇಶ. ಗಾಡಿಗಳ ಹಿಂಭಾಗ ಕಟ್ಟಿದ್ದು ನಮ್ಮ ದೊಡ್ಡನೆಕ್ಕುಂದಿಯ ಒಂದು ಶೆಡ್ಡಿನಲ್ಲಿ. ಸಾಗಿಸುವ ಮುಂಚೆ ನಾವು ಹೋಗಿ ನೋಡಿ, ಎಲ್ಲ ಸರಿಯಿದೆ ಎಂದು ಸಹಿ ಹಾಕಬೇಕಿತ್ತು. ಹೋದಾಗ ಗಾಡಿಗಳಿಗೆಲ್ಲ ಅರಿಶಿನ ಕುಂಕುಮ ಬಳಿದು, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದು ಮುಗಿದಿತ್ತು. ಮೇಸ್ತ್ರಿ ಕೊನೆಯ ಗಾಡಿಯ ಹಿಂದಿನ ಬಾಗಿಲು ತೆಗೆದು, ಸ್ಟ್ರೆಚರ್ ಜಾರುವ ಕಂಬಿಯ ಮೇಲೆ, ಅದರ ಪುಟ್ಟ ಗಾಲಿಯ ಮುಂದೆ ಒಂದು ನಿಂಬೆಹಣ್ಣು ಸಿಕ್ಕಿಸುತ್ತಿದ್ದ.

"ಅದೇನ್ರೀ ಅಲ್ಲಿ?" ಎಂದರು ಮೇಡಂ.

ಮೇಸ್ತ್ರಿ ಎದ್ದು ನಿಂತು ವಿವರಿಸಿದ. ಬೇರೆ ಗಾಡಿಗಾದರೆ ಚಕ್ರದ ಕೆಳಗೆ ನಿಂಬೆಹಣ್ಣು. ಇದು ರೋಗಿ ಮಲಗುವ ಗಾಡಿ. ಆದ್ದರಿಂದ ಅವರ ಶೆಡ್ಡಿನಲ್ಲಿ ಆಂಬುಲೆನ್ಸಿಗೆ ಮಾತ್ರ ಸ್ಟ್ರೆಚರ್ ಗಾಲಿಯ ಮುಂದೆ ಇಡುವುದು ಪದ್ಧತಿ. "ಮೊದಲನೇ ಸಲ ಯಾರ್ಗೋಸ್ಕರ ಸ್ಟ್ರೆಚರ್ ಎಳೀತಾರೋ, ಅವರ ಗಂಡಾಂತರ ಈ ಹಣ್ಣು ತಗೊಂಡು ಒಡ್ದೋಗತ್ತೆ ಅಮ್ಮಾ. ಆಮೇಲೆ ಆ ಗಾಡೀಲಿ ಹೋದೋರು ಬದುಕ್ತಾರೆ."

"ಬದುಕ್ಲಿ ಪಾಪ. ಆದ್ರೆ ಇದು ಸರ್ಕಾರದ ಕೊಡುಗೆ. ಗಾಡಿ ಕಳ್ಸಕ್ಕೆ ಮಂಜೂರಾತಿ ಇದೆ, ನಿಂಬೆಹಣ್ಣು ಕಳ್ಸಕ್ಕಿಲ್ಲ. ಎಲ್ಲಾ ತೆಗ್ಸಿ, ಒರ್ಸಿ."

ಮೇಸ್ತ್ರಿ ನನ್ನ ಕಡೆ ನೋಡಿದ. ಅವನು ಕೆಲಸ ಮಾಡುತ್ತಿದ್ದ ಶೆಡ್ಡಿನ ನೆಲ ನಮ್ಮ ಚಿಕ್ಕಪ್ಪನದು. ನಾನು ಹಾರದ ಹೂವು ನೋಡುತ್ತ ನಿಂತೆ. ಹುಡುಗರು ಬಟ್ಟೆ ತಂದು ಒರೆಸಿದರು, ಹಣ್ಣುಗಳನ್ನೆಲ್ಲ ತೆಗೆದು ಬಕೆಟ್ಟಿಗೆ ಹಾಕಿದರು. ವಾಹನಗಳಲ್ಲಿ ಅನಧಿಕೃತ ವಸ್ತು ಯಾವುದೂ ಇಲ್ಲವೆಂದು ಮೇಡಂ ಸಹಿ ಹಾಕಿದರು. ನಾವು ಮಹದೇವಪುರದ ಕಡೆ ನೀರು ನಿಂತ ರಸ್ತೆಯಲ್ಲಿ ಸೀರೆ, ಪ್ಯಾಂಟು ಎತ್ತಿ ಹಿಡಿದುಕೊಂಡು ಬಸ್ ಸ್ಟಾಪಿಗೆ ನಡೆದೆವು.

ಆ ಗಾಡಿಗಳ ಮೇಲೆ ಮೇಡಂ ಅವರಿಗೆ ಅಷ್ಟು ಕಾಳಜಿ ಇದ್ದದ್ದಕ್ಕೆ ಒಂದು ಕಾರಣವಿತ್ತು. ಅದೇ ದೇಶದ ಸೈನ್ಯದಿಂದ ಒಬ್ಬ ವೈದ್ಯಕೀಯ ಸಹಾಯಕ ಬೆಂಗಳೂರಿಗೆ ತರಬೇತಿಗೆ ಬಂದಿದ್ದ. ಅದೂ ನೆರವಿನ ಒಂದು ಭಾಗ. ತರಬೇತಿ ಹೇಗೆ ನಡೆದಿದೆಯೆಂದು ಕೇಳಲು ನಾವು ಹೋಗಿದ್ದೆವು. ಅಧಿಕಾರಿಗಳ ಮುಂದೆ ಅವನು ಎಲ್ಲದಕ್ಕೂ ಚೆನ್ನಾಗಿದೆ, ಚೆನ್ನಾಗಿದೆ ಎಂದ. ಮೇಡಂ ಅವನನ್ನು ಶಿವಾಜಿನಗರಕ್ಕೆ ಕರೆದುಕೊಂಡು ಹೋಗಿ ಸಮೋಸ, ಸುಲೈಮಾನಿ ಚಹಾ ಕೊಡಿಸಿದರು. ದಪ್ಪ ಕೆನ್ನೆಯ, ನಾಚಿಕೆಯ ಯುವಕ. ಎರಡನೆಯ ಚಹಾದ ಹೊತ್ತಿಗೆ ಮುರುಕು ಹಿಂದಿಯಲ್ಲಿ ಮಾತು ಬಂತು. ಅವನ ಠಾಣೆ ಗಡಿಯ ಬೆಟ್ಟದ ಮೇಲಿತ್ತು. ಗಾಯವಾದವರನ್ನು ಕೆಳಗಿನ ಆಸ್ಪತ್ರೆಗೆ ತರಲು ಅಲ್ಲಿ ಗಾಡಿ ಇಲ್ಲ. ಬಾಗಿಲು ಕಿತ್ತು, ಅದರ ಮೇಲೆ ಮಲಗಿಸಿ, ಹೊತ್ತು ಇಳಿಸುತ್ತಾರೆ.

"ಇಲ್ಲಿ ನನಗೆ ಎಲ್ಲ ಕಲಿಸಿದ್ದಾರೆ. ರಕ್ತ ನಿಲ್ಲಿಸುವುದು, ಮೂಳೆ ಕಟ್ಟುವುದು," ಎಂದ. "ಆದರೆ ದಾರಿಯಲ್ಲಿ ಸಾಯುತ್ತಾರೆ. ದಾರಿಗೆ ಏನು ಮಾಡಬೇಕು ಅಂತ ಕಲಿಸಿಲ್ಲ."

"ಗಾಡಿ ಬರ್ತಿದೆ," ಎಂದರು ಮೇಡಂ. ಅವರು ಯಾರಿಗೂ ಯಾವ ಭರವಸೆಯನ್ನೂ ಕೊಡುತ್ತಿರಲಿಲ್ಲ. ಅವತ್ತು ಕೊಟ್ಟರು. ತಮ್ಮ ಫೋನ್ ನಂಬರನ್ನೂ ಕೊಟ್ಟರು. ಬಸ್ಸಿನಲ್ಲಿ ನನಗೆ ಹೇಳಿದರು: "ನಮ್ಮಪ್ಪನ ಭುಜ ಮುಟ್ಟಿದ್ರೆ ಕಾಯಿಗಟ್ಟಿರ್ತಿತ್ತು ಕಣಪ್ಪ. ಹೊರೋರ ಕಷ್ಟ ನಂಗೊತ್ತು."

ಗಾಡಿಗಳು ಹೋಗಿ ಒಂದು ವರ್ಷದ ಮೇಲೆ ನಾವು ನೋಡಿಬರಲು ಹೋದೆವು. ಆ ದೇಶದ ರಾಜಧಾನಿಯ ಹೊರಗಿನ ಸೈನ್ಯದ ಡಿಪೋದಲ್ಲಿ ನಮ್ಮ ಆಂಬುಲೆನ್ಸುಗಳು ಸಾಲಾಗಿ ನಿಂತಿದ್ದವು. ತೊಳೆದು, ಒರೆಸಿ, ಮದುವೆ ಮನೆಯ ಮುಂದೆ ನಿಲ್ಲಿಸಿದ ಕಾರಿನಂತೆ ಹೊಳೆಯುತ್ತಿದ್ದವು. ಡಿಪೋದ ಕರ್ನಲ್ ಕೈ ಕಟ್ಟಿಕೊಂಡು ಜೊತೆಯಲ್ಲೇ ನಡೆದ. ಮೇಡಂ ಬಗ್ಗಿದರು, ಕೊಳವೆಗೆ ಬೆರಳು ಹಾಕಿದರು. ಮಸಿ. ಮುಂದಿನದಕ್ಕೆ ಹಾಕಿದರು. ಮಸಿ. ನನಗೆ ಸಮಾಧಾನವಾಯಿತು. ಸಂಜೆಗೆ ಮುಗಿಸಿ ಊರು ನೋಡಬಹುದು ಎಂದುಕೊಂಡೆ.

"ಸ್ಟ್ರೆಚರ್ ಎಳೀರಿ," ಎಂದರು ಮೇಡಂ ಅಲ್ಲಿದ್ದ ಸೈನಿಕನಿಗೆ.

ಅವನು ಎಳೆದ. ಬರಲಿಲ್ಲ. ಕಾಲು ಕೊಟ್ಟು ಎಳೆದ. ಏನೋ ಅಡ್ಡ ಸಿಕ್ಕಿಕೊಂಡಿತ್ತು. ನಾನು ಮಂಡಿಯೂರಿ ಕಂಬಿಯ ಕೆಳಗೆ ಕಣ್ಣು ಹಾಯಿಸಿದೆ. ಗಾಲಿಯ ಮುಂದೆ, ಒಣಗಿ ಅಡಿಕೆಯಷ್ಟು ಗಟ್ಟಿಯಾದ ಕಂದು ಬಣ್ಣದ ಒಂದು ನಿಂಬೆಹಣ್ಣು. ಸುತ್ತ ಒಂದಿಷ್ಟು ಕುಂಕುಮದ ಪುಡಿ.

ಮುಂದಿನ ಗಾಡಿಯಲ್ಲೂ ಇತ್ತು. ಅದರ ಮುಂದಿನದರಲ್ಲೂ ಇತ್ತು. ಆ ಸಾಲಿನಲ್ಲಿ ನಿಂಬೆಹಣ್ಣು ಒಡೆದ ಗಾಡಿ ಒಂದೂ ಇರಲಿಲ್ಲ. ಮೇಡಂ ಮೊದಲು ಗಟ್ಟಿಯಾಗಿ ನಕ್ಕುಬಿಟ್ಟರು. ಅವರು ಹಾಗೆ ನಕ್ಕದ್ದನ್ನು ನಾನು ಅದೊಂದೇ ಸಲ ಕಂಡದ್ದು. ಆಮೇಲೆ ಗಾಡಿಯ ಹಿಂದಿನ ಮೆಟ್ಟಿಲ ಮೇಲೆ ಕೂತರು. ನಗು ಇಳಿದು ಮುಖದಲ್ಲಿ ಬರೀ ಸುಸ್ತು ಉಳಿಯಿತು.

"ಎಂಜಿನ್ ಆನ್ ಮಾಡಿ ಮಾಡಿ ಮಸಿ ಹಿಡ್ಸಿದ್ದಾರೆ," ಎಂದರು ನನಗೆ ಕನ್ನಡದಲ್ಲಿ. "ಒಬ್ಬರನ್ನೂ ಮಲಗಿಸಿಲ್ಲ."

ಕರ್ನಲ್ ಕೆಟ್ಟ ಮನುಷ್ಯನಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವನು ಹಾಗಿರಲಿಲ್ಲ. ಕದ್ದಿರಲಿಲ್ಲ, ಮಾರಿರಲಿಲ್ಲ. ಮೇಡಂ ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರವನ್ನು ನಾನು ಮರೆತಿಲ್ಲ. "ನಿಮ್ಮವರು ಬಂದಾಗಲೆಲ್ಲ ಕೇಳುವುದು ಒಂದೇ, ಗಾಡಿಗಳು ಸುಸ್ಥಿತಿಯಲ್ಲಿವೆಯೇ ಅಂತ. ಬೆಟ್ಟಕ್ಕೆ ಕಳಿಸಿದರೆ ಸುಸ್ಥಿತಿಯಲ್ಲಿ ಇರುತ್ತವೆಯೇ ಮೇಡಂ? ಒಂದು ಕೆಟ್ಟರೆ ನಾನು ಉತ್ತರ ಹೇಳಬೇಕು. ಮುಂದಿನ ನೆರವು ನಿಂತರೆ ಅದಕ್ಕೂ ನಾನೇ."

ವಾಪಸ್ಸು ಬರುವ ದಾರಿಯುದ್ದಕ್ಕೂ ಮೇಡಂ ಕಪ್ಪು ಬೆರಳನ್ನು ನೋಡಿಕೊಳ್ಳುತ್ತ ಕೂತಿದ್ದರು. ಕೊನೆಗೆ ಹೇಳಿದರು: "ಆತನದೇನೂ ತಪ್ಪಿಲ್ಲ. ನಾವು ಏನ್ ಕೇಳಿದ್ವೋ ಅದನ್ನ ಇಟ್ಕೊಂಡಿದ್ದಾನೆ. ಕೇಳಿದ್ದೇ ತಪ್ಪು. ಸುಸ್ಥಿತಿ ಅಂತೆ! ಆಂಬುಲೆನ್ಸು ಏನು ಷೋಕೇಸ್ ಬೊಂಬೆನಾ? ಕೊನೆಗೆ ಯಾರನ್ನ ಹೊತ್ತಿತ್ತು, ಅದು ಕೇಳ್ಬೇಕಾಗಿತ್ತು."

ಊರಿಗೆ ಬಂದ ಮೇಲೆ ನಾವು ಶೆಡ್ಡಿಗೆ ಹೋದೆವು. ಮೇಸ್ತ್ರಿ ವೆಲ್ಡಿಂಗ್ ಕನ್ನಡಕ ಹಣೆಗೇರಿಸಿ ಬಂದ. "ತೆಗೀರಿ ಅಂದಿದ್ದೆನಲ್ಲ?" ಎಂದರು ಮೇಡಂ.

ಅವನು ತಲೆ ಕೆರೆದುಕೊಂಡ. "ತೆಗ್ದಿದ್ದೆ ಅಮ್ಮಾ. ನೀವು ಹೋದ್ಮೇಲೆ ಮನ್ಸು ತಡೀಲಿಲ್ಲ, ಮತ್ತೆ ಇಟ್ಟೆ. ತೊಂದ್ರೆ ಆಯ್ತಾ?"

"ತೊಂದ್ರೆ ಏನಿಲ್ಲ. ಒಂದೂ ಒಡ್ದಿರ್ಲಿಲ್ಲ."

ಅವನ ಮುಖ ಅರಳಿತು. "ಒಂದೂ ಒಡ್ದಿಲ್ವಾ? ಅಂದ್ರೆ ಅಲ್ಲಿ ಯಾರ್ಗೂ ಏನೂ ಆಗಿಲ್ಲ ಅಂತ ತಾನೇ ಅಮ್ಮಾ? ಒಳ್ಳೇದಾಯ್ತಲ್ಲ ಬಿಡಿ!"

ಮೇಡಂ ಪಕ್ಕದ ಸ್ಟೂಲಿನ ಮೇಲೆ ಕೂತರು. "ಹೂಂ ಕಣಪ್ಪ," ಎಂದರು. ಅವನು ಕೊಡಿಸಿದ ಚಹಾ ಕುಡಿದು ಎದ್ದೆವು. ಅವನ ಖುಷಿಯನ್ನು ಕೆಡಿಸಲು ಇಬ್ಬರಿಗೂ ಬಾಯಿ ಬರಲಿಲ್ಲ.

ಇನ್ನು ವರದಿ. ಇಲ್ಲೊಂದು ತೊಡಕಿತ್ತು. ಗಾಡಿಗಳು ಒಬ್ಬ ಗಾಯಾಳುವನ್ನೂ ಹೊತ್ತಿಲ್ಲ ಎಂದು ಬರೆಯಬೇಕಾದರೆ ಅದಕ್ಕಿದ್ದ ಪುರಾವೆ ಆ ನಿಂಬೆಹಣ್ಣುಗಳೇ. ನಿಂಬೆಹಣ್ಣಿನ ಮಾತು ಎತ್ತಿದರೆ, ಅನಧಿಕೃತ ವಸ್ತು ಯಾವುದೂ ಇಲ್ಲವೆಂದು ಮೇಡಂ ಹಾಕಿದ ಸಹಿ ಸುಳ್ಳಾಗುತ್ತದೆ. ಅದೇ ವರ್ಷ ಅವರ ಬಡ್ತಿಯ ಸರದಿ ಬೇರೆ. ನಾನು ಸುತ್ತಿ ಬಳಸಿ ಹೇಳಿದೆ: ಮೇಡಂ, ಸ್ಟ್ರೆಚರ್ ಬಿಗಿಯಾಗಿತ್ತು ಅಂತಷ್ಟೇ ಬರೆಯೋಣ.

"ಬಿಗಿಯಾಗಿತ್ತು ಅಂದ್ರೆ ಎಣ್ಣೆ ಹಾಕಿಸ್ತಾರೆ. ಮುಗೀತು," ಎಂದರು. "ನಿಂಬೆಹಣ್ಣು ಅಂತಲೇ ಬರಿ. ನನ್ನ ಸಹಿ ತಪ್ಪು ಅಂತಲೂ ಬರಿ."

ಬರೆದೆವು. ಕೊನೆಯಲ್ಲಿ ಮೇಡಂ ತಮ್ಮ ಕೈಯಾರೆ ಒಂದು ಸಾಲು ಸೇರಿಸಿದರು. ಇನ್ನು ಮುಂದೆ ಪರಿಶೀಲನೆಯಲ್ಲಿ ವಾಹನದ ಸ್ಥಿತಿಯ ಜೊತೆಗೆ, ಅದು ಕೊನೆಯದಾಗಿ ಯಾರನ್ನು ಹೊತ್ತಿತ್ತು ಎಂದೂ ಕೇಳತಕ್ಕದ್ದು.

ದೊಡ್ಡ ಸಾಹೇಬರು ನಮ್ಮನ್ನು ಕರೆಸಿದರು. ಒಳ್ಳೆಯ ಮಾತಿನ ಮನುಷ್ಯ. ಕುರ್ಚಿ ತೋರಿಸಿ, ಕಾಫಿ ತರಿಸಿ, ಶುರು ಮಾಡಿದರು. "ನೋಡಿ ಮೇಡಂ, ಮಿತ್ರದೇಶ. ಮುಂದಿನ ಕಂತಿನ ಮಾತುಕತೆ ನಡೀತಿದೆ. ಈ ಟೈಮಲ್ಲಿ ಇದೆಲ್ಲ ಬೇಕಾ? ಬಳಕೆ ಆಗಿಲ್ಲ ಅಂದ್ರೆ ಅಲ್ಲಿ ಗಾಯಾಳುಗಳೇ ಇರ್ಲಿಲ್ಲ ಅಂತಲೂ ಇರ್ಬಹುದಲ್ವಾ? ಅದು ಸಂತೋಷದ ವಿಷಯ."

ಮೇಸ್ತ್ರಿ ಹೇಳಿದ ಮಾತೇ. ಅವನು ತಿಳಿಯದೆ ಹೇಳಿದ್ದ. ಇವರಿಗೆ ಬಾಗಿಲ ಮೇಲೆ ಹೊತ್ತು ಇಳಿಸುವ ವಿಷಯವನ್ನು ಮೇಡಂ ಬರವಣಿಗೆಯಲ್ಲೇ ಕೊಟ್ಟಿದ್ದರು.

"ಗಾಡಿಗಳು ಸುಸ್ಥಿತಿಯಲ್ಲಿವೆ ಅಂತ ಬರೀರಿ. ಸುಳ್ಳೇನಲ್ವಲ್ಲ," ಎಂದರು ಸಾಹೇಬರು.

"ಬರೀತೀನಿ ಸಾರ್. ಯಾರೂ ಮುಟ್ಟಿಲ್ಲ, ಅದಕ್ಕೇ ಸುಸ್ಥಿತಿಯಲ್ಲಿವೆ ಅಂತ ಬರೀತೀನಿ."

ಕಾಫಿ ಆರಿತು. ಆಮೇಲೆ ನಡೆದದ್ದನ್ನು ನೆನೆದರೆ ನಗಬೇಕೋ ಅಳಬೇಕೋ ಈಗಲೂ ಗೊತ್ತಾಗುವುದಿಲ್ಲ. ಆಂಬುಲೆನ್ಸು ಯಾಕೆ ಓಡಲಿಲ್ಲ ಎಂದು ಯಾರೂ ವಿಚಾರಣೆ ಮಾಡಲಿಲ್ಲ. ನಿಂಬೆಹಣ್ಣು ಗಡಿ ದಾಟಿದ್ದು ಹೇಗೆ ಎಂದು ವಿಚಾರಣೆ ನಡೆಯಿತು. ಅದಕ್ಕೊಂದು ಸಮಿತಿ. ಸಮಿತಿಯವರು ದೊಡ್ಡನೆಕ್ಕುಂದಿಗೆ ಬಂದು ಮೇಸ್ತ್ರಿಯ ಹೇಳಿಕೆ ಪಡೆದರು. ಹಣ್ಣನ್ನು ಯಾವ ಅಂಗಡಿಯಲ್ಲಿ ಕೊಂಡದ್ದು ಎಂದೂ ಕೇಳಿದರಂತೆ. ಮೇಡಂ ಅವರಿಗೆ ಎಚ್ಚರಿಕೆಯ ಪತ್ರ ಬಂತು, ಬಡ್ತಿ ನಿಂತಿತು. ಅವರಿಗಿಂತ ಕಿರಿಯರೊಬ್ಬರು ಮೇಲೆ ಹೋದರು. ಮೇಸ್ತ್ರಿಗೆ ಏನೂ ಆಗದಂತೆ ನೋಡಿಕೊಂಡದ್ದು ಮೇಡಂ. ಗಾಡಿ ಹೊರಡುವಾಗ ಮತ್ತೊಮ್ಮೆ ನೋಡದೆ ಬಿಟ್ಟದ್ದು ತಾನು, ಅವನದು ಅವನ ನಂಬಿಕೆ ಎಂದು ಬರೆದುಕೊಟ್ಟರು.

ಆಗಾಗ ಬೆಟ್ಟದ ಮೇಲಿನಿಂದ ಆ ಸಹಾಯಕನ ಫೋನು ಬರುತ್ತಿತ್ತು. "ಗಾಡಿ ಬಂತಾ?" ಎಂದು ಇವರೇ ಮೊದಲು ಕೇಳುತ್ತಿದ್ದರು. ಬಂದಿಲ್ಲ ಎಂದು ಹೇಳಲು ಅವನಿಗೆ ಸಂಕೋಚ. "ಬರುತ್ತೆ ಅಮ್ಮಾ," ಎಂದು ಇವರಿಗೇ ಸಮಾಧಾನ ಹೇಳುತ್ತಿದ್ದ. ಫೋನ್ ಇಟ್ಟ ಮೇಲೆ ಮೇಡಂ ಮೇಜಿನ ಮೇಲೆ ತಲೆ ಆನಿಸಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಿದ್ದೆಯಲ್ಲ. ನಾನು ಫ್ಯಾನ್ ಜಾಸ್ತಿ ಮಾಡಿ ಹೊರಗೆ ಹೋಗುತ್ತಿದ್ದೆ.

ಪ್ರತಿ ವರ್ಷದ ವರದಿಯಲ್ಲೂ ಅವರು ಆ ಪ್ರಶ್ನೆಯ ಸಾಲನ್ನು ಸೇರಿಸಿದರು. ಪ್ರತಿ ವರ್ಷವೂ ಅದು ಗಮನಿಸಲ್ಪಟ್ಟಿತು. ನನಗೆ ರೇಗಿ, ಒಮ್ಮೆ ಕೇಳಿದೆ, ಯಾಕೆ ಮೇಡಂ ಈ ಗೋಡೆಗೆ ತಲೆ ಚಚ್ಚಿಕೊಳ್ಳೋದು ಅಂತ. "ನಂಗೂ ಸಾಕಾಗಿದೆ ಕಣೋ," ಎಂದರು. "ಸಾಕಾಗಿದೆ ಅಂತ ಬಿಟ್ರೆ ಅವನಿಗೆ ಏನ್ ಹೇಳ್ಲಿ? ಬಾಗಿಲು ಹೊರೋರಿಗೆ ಸಾಕಾಗಿಲ್ವಾ?" ಆಮೇಲೆ ಆ ಮಾತು ನಮ್ಮಿಬ್ಬರ ನಡುವೆ ಬರಲಿಲ್ಲ.

ಅದೇ ಹುದ್ದೆಯಲ್ಲಿ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಶಾಲು, ಹಣ್ಣಿನ ತಟ್ಟೆ. ತಟ್ಟೆಯಲ್ಲಿ ಯಾರೋ ತಮಾಷೆಗೆ ಒಂದು ನಿಂಬೆಹಣ್ಣು ಇಟ್ಟಿದ್ದರು. ನಾನು ಸಿಟ್ಟಿನಿಂದ ತೆಗೆಯಲು ಹೋದರೆ ತಡೆದರು. "ಇರ್ಲಿ ಬಿಡೋ. ಮನೇಲಿ ಷರಬತ್ತು ಮಾಡ್ಕೋತೀನಿ."

ಅವರ ಕುರ್ಚಿಗೆ ನಾನು ಬಂದೆ. ಆ ಸಾಲನ್ನು ನಾನೂ ಬರೆದೆ. ಧೈರ್ಯ ಅಂತಲ್ಲ, ಅಭ್ಯಾಸ. ಅಷ್ಟರಲ್ಲಿ ದೊಡ್ಡ ಸಾಹೇಬರು ಬದಲಾಗಿ, ಹೊಸಬರೊಬ್ಬರು ಬಂದರು. ಅವರಿಗೆ ಏನನ್ನಿಸಿತೋ, ಓದದೆಯೇ ಒಪ್ಪಿದರೋ, ಆ ಪ್ರಶ್ನೆ ಪರಿಶೀಲನೆಯ ನಮೂನೆಯೊಳಗೆ ಸೇರಿಕೊಂಡಿತು. ಡಿಪೋಗೆ ಹೊಸ ನಮೂನೆ ಹೋಯಿತು. ಗಾಡಿ ಸುಸ್ಥಿತಿಯಲ್ಲಿದೆಯೇ? ಕೊನೆಯದಾಗಿ ಯಾರನ್ನು ಹೊತ್ತಿತ್ತು? ಎರಡನೆಯದನ್ನು ಖಾಲಿ ಬಿಡುವಂತಿಲ್ಲ. ಹಾಗಾಗಿ ಕರ್ನಲ್ ಒಂದು ಗಾಡಿಯನ್ನು ಬೆಟ್ಟಕ್ಕೆ ಕಳಿಸಿದ.

ಉತ್ತರ ಬಂದ ದಿನ ನಾನು ಆಫೀಸಿನಿಂದ ನೇರ ಹಲಸೂರಿಗೆ ಹೋದೆ. ಮೇಡಂ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಬೆರಳು ಬೆಳ್ಳಗಾಗಿತ್ತು.

"ಮೇಡಂ, ಗಾಡಿ ಬೆಟ್ಟ ಹತ್ತಿತು."

"ಯಾರನ್ನ ಹೊತ್ತಿತ್ತು?"

"ಒಬ್ಬ ಬಸುರಿ ಹೆಂಗಸು. ಠಾಣೆ ಕೆಳಗಿನ ಹಳ್ಳಿಯವಳು. ಹೆರಿಗೆ ಕಷ್ಟ ಆಗಿತ್ತಂತೆ. ನಮ್ಮ ಸಹಾಯಕನೇ ಜೊತೇಲಿ ಹೋಗಿದ್ದಾನೆ. ತಾಯಿ ಮಗು ಇಬ್ರೂ ಚೆನ್ನಾಗಿದ್ದಾರೆ. ಆದ್ರೆ ಮೇಡಂ, ಅವಳು ಸೈನ್ಯದವಳಲ್ಲ. ಸೈನ್ಯದ ಬಳಕೆಗೆ ಮಾತ್ರ ಅಂತ ಕೊಟ್ಟಿರೋ ಗಾಡಿ. ಮೇಲಿನವರು ಆಕ್ಷೇಪಣೆ ಹಾಕು ಅಂತಿದ್ದಾರೆ."

ಮೇಡಂ ಮೊರದಲ್ಲಿದ್ದ ಕಾಳುಗಳಲ್ಲಿ ಕೈಯಾಡಿಸಿದರು. ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಹಾಕ್ಬೇಡ," ಎಂದರು. "ನಿಂಬೆಹಣ್ಣು ಒಡೀತಲ್ಲ, ಸಾಕು." ಆಮೇಲೆ ಮತ್ತೆ ಹಳೇ ಮೇಡಂ ಆದರು. "ಮಿಕ್ಕಿದ ಗಾಡಿಗಳು?"

ಅದಕ್ಕೆ ಈಗ ನನ್ನ ಹತ್ತಿರ ಅರ್ಧ ಉತ್ತರವಿದೆ. ಕೆಲವು ಬೆಟ್ಟಕ್ಕೆ ಹೋಗಿವೆ, ಕೆಲವು ಹೊಳೆಯುತ್ತ ನಿಂತಿವೆ.

ಹೋದ ವರ್ಷ ಕೆಲಸದ ದಿನವೊಂದರ ಮಧ್ಯಾಹ್ನ ಅವರ ತಂಗಿ ಫೋನ್ ಮಾಡಿದರು. ಅಕ್ಕನಿಗೆ ಉಸಿರು ಕಟ್ಟುತ್ತಿದೆ, ಆಂಬುಲೆನ್ಸಿಗೆ ಹೇಳಿದ್ದೇವೆ. ಆಫೀಸಿನಿಂದ ಹಲಸೂರು ಹತ್ತಿರ. ಗಾಡಿ ಬರುವ ಮುಂಚೆ ನಾನೇ ತಲುಪಿದೆ. ಗಲ್ಲಿಯೊಳಗೆ ಗಾಡಿ ಬರುವಂತಿರಲಿಲ್ಲ. ಮೇಡಂ ಅವರನ್ನು ಕುರ್ಚಿಯಲ್ಲಿ ಕೂರಿಸಿ ನಾನೂ ಡ್ರೈವರನೂ ರಸ್ತೆಯವರೆಗೆ ಹೊತ್ತೆವು. ಹಗುರವಾಗಿದ್ದರು. ಡ್ರೈವರ್ ಹಿಂದಿನ ಬಾಗಿಲು ತೆಗೆದು ಸ್ಟ್ರೆಚರ್ ಎಳೆದ. ಅದು ಗಡಗಡ ಸದ್ದು ಮಾಡುತ್ತ ಸಲೀಸಾಗಿ ಬಂತು. ಕಂಬಿಯ ಬಣ್ಣವೆಲ್ಲ ಸವೆದು ಕಬ್ಬಿಣ ಕಾಣುತ್ತಿತ್ತು. ಮೇಡಂ ಉಸಿರಿಗೆ ಒದ್ದಾಡುತ್ತಿದ್ದವರು ಕೈಯೆತ್ತಿ ನಮ್ಮನ್ನು ತಡೆದರು.

"ಕೊನೆಗೆ ಯಾರನ್ನ ಕರ್ಕೊಂಡ್ ಹೋಗಿದ್ದೆಯಪ್ಪ?" ಎಂದು ಡ್ರೈವರನನ್ನು ಕೇಳಿದರು.

ಅವನು ಕಕ್ಕಾಬಿಕ್ಕಿಯಾಗಿ ನನ್ನನ್ನು ನೋಡಿದ. ಹೇಳು ಎಂದು ಕಣ್ಣಲ್ಲೇ ಸನ್ನೆ ಮಾಡಿದೆ.

"ಬೆಳಿಗ್ಗೆ ಮಹದೇವಪುರದಿಂದ ಒಬ್ರು ಅಜ್ಜಿ, ಅಮ್ಮಾ."

"ಹೇಗಿದ್ದಾರೆ?"

ಅವನಿಗೆ ಗೊತ್ತಿರಲಿಲ್ಲ, ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ ತಿರುಗಿ ಬರುವವನಿಗೆ ಹೇಗೆ ಗೊತ್ತಾಗಬೇಕು? ಆದರೂ ತಡಮಾಡದೆ ಹೇಳಿದ. "ಹುಷಾರಾಗಿದ್ದಾರೆ ಅಮ್ಮಾ."

"ಸರಿ, ಹತ್ತಿಸಿ," ಎಂದರು. ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡು, ಆ ಬೆರಳಿನಿಂದ ಸವೆದ ಕಂಬಿಯನ್ನು ಸವರುತ್ತಿದ್ದರು. ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು ತೀರಿಕೊಂಡರು. ವಿಹಾರದ ಭಿಕ್ಷುವೊಬ್ಬರು ಬಂದು ಸರಳವಾಗಿ ಎಲ್ಲ ನಡೆಸಿಕೊಟ್ಟರು. ಬೆಟ್ಟದಿಂದ ಸಹಾಯಕನ ಫೋನ್ ಬಂತು. ಅವನು ಅತ್ತ. ನಾನು ಅಳಲಿಲ್ಲ, ಬರೀ ಸುಸ್ತಾಗಿದ್ದೆ. ಅವರಿಗೆ ನಾನು ಋಣಿ ಎಂದು ಅವರಿದ್ದಾಗ ಹೇಳಿಲ್ಲ. ಹೇಳಿದ್ದರೆ, ಅದಕ್ಕೆ ಪುರಾವೆ ಏನು ಎಂದು ಕೇಳುತ್ತಿದ್ದರು. ಪುರಾವೆ ಎಂದರೆ ಆ ಒಂದು ಪ್ರಶ್ನೆ. ಕಚೇರಿಯಲ್ಲಿ ಬದುಕಿ ಉಳಿಯಲು ನನಗೆ ಬೇರೆ ಯಾವ ಕಾರಣವನ್ನೂ ಯಾರೂ ಕೊಟ್ಟಿಲ್ಲ.

ಕಾಗದಪತ್ರ ತರಲೆಂದು ಅವರ ತಂಗಿಯ ಪರವಾಗಿ ಮತ್ತೆ ಆಸ್ಪತ್ರೆಗೆ ಹೋಗಬೇಕಾಯಿತು. ಗೇಟಿನ ಹತ್ತಿರ ಅದೇ ಆಂಬುಲೆನ್ಸು ನಿಂತಿತ್ತು. ನಾನು ಬಗ್ಗಿ ಸೈಲೆನ್ಸರಿನೊಳಗೆ ಬೆರಳು ತಿರುಗಿಸಿದೆ. ಹಿಂದಿನಿಂದ ಡ್ರೈವರ್ ಬಂದ. ನನ್ನ ಗುರುತು ಹತ್ತಿತು.

"ಸಾರ್, ಹಲಸೂರಿನ ಅಮ್ಮ ಹೇಗಿದ್ದಾರೆ?" ಎಂದು ಕೇಳಿದ.

ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಕೆ.ಆರ್. ಪುರದ ಕಡೆಯಿಂದ ಯಾರಿಗೋ ಗಾಡಿ ಬೇಕಾಗಿತ್ತು. ಅವನು ಬಾಗಿಲು ತೆಗೆದು ಹತ್ತಿ, ಉತ್ತರಕ್ಕಾಗಿ ನನ್ನ ಮುಖ ನೋಡಿದ. ದಾರಿಯಲ್ಲಿ ಯಾರಾದರೂ ಕೇಳಿದರೆ ಅವನಿಗೆ ಹೇಳಲು ಏನಾದರೂ ಬೇಕಲ್ಲ.

"ಹುಷಾರಾಗಿದ್ದಾರೆ," ಎಂದೆ.